ಕೌಂಟರಿನ ಕೆಲಸ ಯಾರ ಹೆಗಲಿಗೆ?

ದಕ್ಷಿಣ ಬೆಂಗಳೂರಿನ ವಾರ್ಡ್ ಕಚೇರಿಯೊಂದರ ಎದುರಿಗೆ ಒಂದು ಜೆರಾಕ್ಸ್ ಅಂಗಡಿಯಿದೆ. ಎರಡು ಕಂಪ್ಯೂಟರ್, ಒಂದು ಸ್ಕ್ಯಾನರ್, ಬೆರಳಚ್ಚು ಪಡೆಯುವ ಸಣ್ಣ ಯಂತ್ರ, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಯಾವ ಅರ್ಜಿಗೆ ಯಾವ ಕಾಗದ ಬೇಕು ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದ ಹಾಳೆಯೊಂದನ್ನು ಗೋಡೆಗೆ ಅಂಟಿಸಿದ್ದಾರೆ. ಅದರ ಕೆಳಗೆ ಕೆಂಪು ಅಕ್ಷರದಲ್ಲಿ ‘ಓಟಿಪಿ ಬರುವ ಫೋನ್ ಕಡ್ಡಾಯವಾಗಿ ತರಬೇಕು’ ಎಂದಿದೆ. ಕೆಲವು ವಾರಗಳ ಹಿಂದೆ ನಾನು ಅಲ್ಲಿ ಸರದಿಗಾಗಿ ಕಾಯುತ್ತಿದ್ದಾಗ, ಕ್ರಯಪತ್ರ, ಕಂದಾಯದ ರಸೀದಿಗಳು ಮತ್ತು ಗಂಡನ ಮರಣ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟುಕೊಂಡು ಬಂದಿದ್ದ ಹಿರಿಯ ಹೆಂಗಸೊಬ್ಬರ ಅರ್ಜಿ ತುಂಬುವ ಕೆಲಸ ನಡೆದಿತ್ತು.

“ಅಜ್ಜಿ, ಓಟಿಪಿ ಬಂತಾ ನೋಡಿ” ಎಂದ ಅಂಗಡಿಯ ಹುಡುಗ.

“ಅದು ನನ್ ಮಗನ ಫೋನಿಗೆ ಬರತ್ತಪ್ಪ. ಅವ್ನು ಡ್ಯೂಟೀಲವ್ನೆ.”

“ಫೋನ್ ಮಾಡಿ ಕೇಳಿ ಅಜ್ಜಿ, ಇನ್ನೆರಡು ನಿಮಿಷದಲ್ಲಿ ಹೋಗ್ಬಿಡತ್ತೆ.”

ಮಗ ಕ್ಯಾಬ್ ಓಡಿಸುವವರು. ಎರಡು ಸಲ ಅವರು ಫೋನ್ ಎತ್ತಲಿಲ್ಲ, ಎರಡು ಸಲವೂ ಓಟಿಪಿಯ ಅವಧಿ ಮುಗಿದುಹೋಯಿತು. ಮೂರನೇ ಸಲಕ್ಕೆ ಸಿಕ್ಕರು. ಅಷ್ಟು ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಹುಡುಗ ತನ್ನ ಕೆಲಸಕ್ಕೆ ನೂರೈವತ್ತು ರೂಪಾಯಿ ಪಡೆದ, ಅದು ಹೆಚ್ಚೆಂದು ಅಲ್ಲಿದ್ದ ಯಾರಿಗೂ ಅನ್ನಿಸಿದಂತೆ ಕಾಣಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಮಾತ್ರ ಇದು ನಾಗರಿಕರೊಬ್ಬರು ಮನೆಯಲ್ಲೇ ಕುಳಿತು, ಯಾರ ಮಧ್ಯಸ್ಥಿಕೆಯೂ ಇಲ್ಲದೆ, ಆನ್‌ಲೈನಿನಲ್ಲಿ ಸಲ್ಲಿಸಿದ ಅರ್ಜಿಯಾಗಿ ದಾಖಲಾಗುತ್ತದೆ.

ಸೇವೆಯೊಂದನ್ನು ಅದನ್ನು ಪಡೆಯುವವರ ಕಡೆಯಿಂದ ನೋಡಿ ಮರುರೂಪಿಸುವ ವಿಧಾನಕ್ಕೆ ಡಿಸೈನ್ ಥಿಂಕಿಂಗ್ ಎನ್ನುತ್ತಾರೆ; ವಿನ್ಯಾಸ ಚಿಂತನೆ ಎಂಬ ಕನ್ನಡ ರೂಪವೂ ಬಳಕೆಯಲ್ಲಿದೆ. ಬಳಕೆದಾರರ ಜೊತೆ ಬೆರೆತು ಅವರ ಕಷ್ಟವನ್ನು ಅರಿಯುವುದು, ನಿಜವಾದ ಸಮಸ್ಯೆ ಯಾವುದೆಂದು ಗುರುತಿಸುವುದು, ಹಲವು ಪರಿಹಾರಗಳನ್ನು ಊಹಿಸುವುದು, ಕಡಿಮೆ ಖರ್ಚಿನ ಮಾದರಿಯೊಂದನ್ನು ಕಟ್ಟುವುದು, ಅದನ್ನು ಜನರ ಕೈಗೆ ಕೊಟ್ಟು ಪರೀಕ್ಷಿಸುವುದು ಎಂಬ ಐದು ಹೆಜ್ಜೆಗಳನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿನ್ಯಾಸ ಶಾಲೆ ಜನಪ್ರಿಯಗೊಳಿಸಿತು. ಬೆಂಗಳೂರಿಗೆ ಈ ಮಾತು ಹೊಸದೇನಲ್ಲ. ವಿಶಾಲ್ ಸಿಕ್ಕಾ ಅವರು 2014ರಿಂದ 2017ರವರೆಗೆ ಇನ್ಫೋಸಿಸ್‌ನ ಮುಖ್ಯಸ್ಥರಾಗಿದ್ದಾಗ ಕಂಪನಿಯ ಲಕ್ಷಕ್ಕೂ ಹೆಚ್ಚು ಉದ್ಯೋಗಿಗಳಿಗೆ ಈ ತರಬೇತಿ ಸಿಕ್ಕಿತು. ಗಾಜಿನ ಗೋಡೆಗೆ ಹಳದಿ ಚೀಟಿ ಅಂಟಿಸುವ ಕಾರ್ಯಾಗಾರಗಳಲ್ಲಿ ಒಮ್ಮೆಯಾದರೂ ಕೂರದ ಸಾಫ್ಟ್‌ವೇರ್ ಉದ್ಯೋಗಿ ಈ ಊರಿನಲ್ಲಿ ಸಿಗುವುದು ಕಷ್ಟ. ಇಷ್ಟೊಂದು ತರಬೇತಿ ಪಡೆದವರಿರುವ ನಗರದಲ್ಲಿ ಆಸ್ತಿಯ ಖಾತೆ ಬದಲಾವಣೆಗೆ ಹೋದವರು ಇನ್ನೂ ಏಕೆ ಅಲೆಯುತ್ತಾರೆ ಎಂಬ ಪ್ರಶ್ನೆ ಹಾಗಾಗಿ ಸಹಜ.

ಉತ್ತರದ ಒಂದು ಭಾಗ, ವಿನ್ಯಾಸ ಎಂದರೆ ಪರದೆಯ ಮೇಲಿನ ಚಿತ್ರ ಎಂದು ನಾವು ತಿಳಿದುಕೊಂಡಿರುವುದರಲ್ಲಿದೆ. ಸೇವೆಯ ವಿನ್ಯಾಸಕ್ಕೆ ಇನ್ನೊಂದು ಹಳೆಯ ಬೇರಿದೆ. ಬ್ಯಾಂಕಿಂಗ್ ಕ್ಷೇತ್ರದಲ್ಲಿ ಕೆಲಸ ಮಾಡಿದ್ದ ಲಿನ್ ಶಾಸ್ಟಾಕ್ ಅವರು 1984ರಲ್ಲಿ ಬರೆದ ಲೇಖನವೊಂದರಲ್ಲಿ, ಕಟ್ಟಡಕ್ಕೆ ನಕ್ಷೆ ಇರುವಂತೆ ಸೇವೆಗೂ ನಕ್ಷೆ ಬೇಕು ಎಂದು ವಾದಿಸಿ, ಬೀದಿಬದಿಯಲ್ಲಿ ಬೂಟು ಪಾಲಿಶ್ ಮಾಡುವ ಕೆಲಸವನ್ನೇ ಉದಾಹರಣೆಯಾಗಿ ತೆಗೆದುಕೊಂಡು ಅದನ್ನು ಬಿಡಿಸಿ ತೋರಿಸಿದರು. ಆ ನಕ್ಷೆಯ ನಡುವೆ ಒಂದು ಗೆರೆ ಇರುತ್ತದೆ. ಗೆರೆಯ ಮೇಲಿರುವುದು ಗ್ರಾಹಕನಿಗೆ ಕಾಣುವ ಕೆಲಸ. ಕೆಳಗಿರುವುದು ಅವನಿಗೆ ಕಾಣದ, ಆದರೆ ಇಲ್ಲದಿದ್ದರೆ ಮೇಲಿನದು ನಡೆಯದ ಕೆಲಸ. ಸರ್ಕಾರಿ ಕಚೇರಿಗೆ ಇದನ್ನು ಹೊಂದಿಸಿದರೆ ಪೋರ್ಟಲ್ಲು, ಕೌಂಟರು, ಸ್ವೀಕೃತಿ ಪತ್ರಗಳು ಗೆರೆಯ ಮೇಲಿರುತ್ತವೆ. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವುದು, ಹಳೆಯ ವಹಿಯಲ್ಲಿ ಹೆಸರು ಹುಡುಕುವುದು, ಸ್ಥಳ ಪರಿಶೀಲನೆ, ಷರಾ, ಸಹಿ ಎಲ್ಲವೂ ಕೆಳಗಿರುತ್ತವೆ. ಸೇವೆ ಸುಧಾರಿಸಿತು ಎಂದು ಯಾರಾದರೂ ಹೇಳಿದಾಗ, ಈ ನಕ್ಷೆಯಲ್ಲಿ ಯಾವ ಕೆಲಸ ಕಡಿಮೆಯಾಯಿತು, ಯಾವುದು ಒಬ್ಬರ ಹೆಗಲಿನಿಂದ ಇಳಿದು ಇನ್ನೊಬ್ಬರ ಹೆಗಲಿಗೆ ಏರಿತು ಎಂದು ಕೇಳಿ ನೋಡಬೇಕು. ಬೆಂಗಳೂರಿನ ಕಳೆದ ಇಪ್ಪತ್ತೈದು ವರ್ಷಗಳ ಪ್ರಯೋಗಗಳನ್ನು ಅಳೆಯಲು ನನಗೆ ಈ ಪ್ರಶ್ನೆಗಿಂತ ಒಳ್ಳೆಯ ಅಳತೆಗೋಲು ಕಂಡಿಲ್ಲ.

2000ದಲ್ಲಿ ಆಗಿನ ಬೆಂಗಳೂರು ಮಹಾನಗರ ಪಾಲಿಕೆ ಆಸ್ತಿ ತೆರಿಗೆಗೆ ಸ್ವಯಂಘೋಷಣಾ ಪದ್ಧತಿಯನ್ನು ತಂದಿತು. ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ ನಂದನ್ ನಿಲೇಕಣಿ ಅವರ ಅಧ್ಯಕ್ಷತೆಯಲ್ಲಿ ರಚನೆಯಾಗಿದ್ದ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಇದರ ಬೆನ್ನಿಗಿತ್ತು. ಅದಕ್ಕೆ ಮೊದಲು ಮನೆಯ ತೆರಿಗೆ ಎಷ್ಟೆಂಬುದು ಕಂದಾಯ ಸಿಬ್ಬಂದಿ ಬಂದು ನೋಡಿ ಹಾಕುವ ಅಂದಾಜಿನ ಮೇಲೆ ನಿಂತಿತ್ತು, ಆ ಅಂದಾಜಿನ ಸುತ್ತ ಏನೇನು ನಡೆಯುತ್ತಿತ್ತು ಎಂಬುದನ್ನು ಹಳಬರು ಬಲ್ಲರು. ಹೊಸ ಪದ್ಧತಿಯಲ್ಲಿ ಮಾಲೀಕನೇ ತನ್ನ ಬಡಾವಣೆ ಯಾವ ವಲಯಕ್ಕೆ ಸೇರುತ್ತದೆ, ಕಟ್ಟಡ ಎಷ್ಟು ಚದರಡಿ, ಆರ್‌ಸಿಸಿಯೋ ಹೆಂಚಿನದೋ ಎಂದು ನೋಡಿ, ಲೆಕ್ಕ ಹಾಕಿ, ಕಟ್ಟಬಹುದಾಗಿತ್ತು. ಇದನ್ನು ಕಡ್ಡಾಯವನ್ನಾಗಿ ಮಾಡದೆ ಐಚ್ಛಿಕವಾಗಿ ಇಟ್ಟಿದ್ದರು, ಆದರೂ ಜನ ಮುಂದೆ ಬಂದು ಕಟ್ಟಿದರು.

ಗಮನಿಸಬೇಕಾದ ಸಂಗತಿಯೆಂದರೆ, ಇಲ್ಲಿಯೂ ಕಚೇರಿಯ ಕೆಲಸ ನಾಗರಿಕರ ಹೆಗಲಿಗೇ ಬಂದಿತ್ತು. ಟೇಪು ಹಿಡಿದು ಮನೆ ಅಳೆದವರು, ಕ್ಯಾಲ್ಕ್ಯುಲೇಟರ್ ಒತ್ತಿದವರು ನಾವೇ. ಆದರೆ ಆ ಕೆಲಸದ ಜೊತೆಗೆ ಅಧಿಕಾರವೂ ಬಂದಿತ್ತು: ತೆರಿಗೆ ಎಷ್ಟೆಂದು ತೀರ್ಮಾನಿಸುವ ಹಕ್ಕು ಒಬ್ಬ ಸಿಬ್ಬಂದಿಯ ವಿವೇಚನೆಯಿಂದ ಎಲ್ಲರೂ ಓದಬಹುದಾದ ಒಂದು ಕೋಷ್ಟಕಕ್ಕೆ ವರ್ಗವಾಯಿತು. ಹೆಗಲಿಗೆ ಬಂದ ಹೊರೆಯನ್ನು ಜನ ಬೇಸರವಿಲ್ಲದೆ ಹೊತ್ತದ್ದು ಈ ಕಾರಣಕ್ಕೆ ಎಂಬುದು ನನ್ನ ತಿಳಿವಳಿಕೆ. ಡಿಸೈನ್ ಥಿಂಕಿಂಗ್ ಎಂಬ ಪದ ಇಲ್ಲಿ ಯಾರ ಬಾಯಲ್ಲೂ ಇರದಿದ್ದ ಕಾಲದಲ್ಲಿ ನಡೆದ ಈ ಬದಲಾವಣೆ, ನಂತರ ಆ ಹೆಸರಿನಲ್ಲಿ ನಡೆದ ಅನೇಕ ಕಸರತ್ತುಗಳಿಗಿಂತ ಆಳವಾದದ್ದು.

2005ರ ಏಪ್ರಿಲ್‌ನಲ್ಲಿ ಆರಂಭವಾದ ಬೆಂಗಳೂರು ಒನ್ ಕೇಂದ್ರಗಳು ಕರೆಂಟು, ನೀರು, ತೆರಿಗೆಯ ಬಿಲ್ಲುಗಳನ್ನು ಒಂದೇ ಸೂರಿನಡಿ ತಂದವು, ಮೂರು ಸಾಲು ಒಂದಾಯಿತು. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಒಳ್ಳೆಯ ಕೆಲಸ. 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ ಸಕಾಲ ಇನ್ನೂ ದೊಡ್ಡ ಹೆಜ್ಜೆ. ಹನ್ನೊಂದು ಇಲಾಖೆಗಳ 151 ಸೇವೆಗಳಿಗೆ ಕಾನೂನಿನ ಮೂಲಕವೇ ಗಡುವು ಗೊತ್ತುಮಾಡಿ, ಅರ್ಜಿದಾರನ ಕೈಗೆ ಸಂಖ್ಯೆಯಿರುವ ಸ್ವೀಕೃತಿ ಕೊಟ್ಟು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಎಂದು ವಿಧಿಸಿದ ಈ ಕಾಯ್ದೆ, ‘ನಾಳೆ ಬನ್ನಿ’ ಎಂಬ ಮಾತಿಗೆ ಮೊದಲ ಬಾರಿಗೆ ಬೆಲೆ ಕಟ್ಟಿತು.

ಆದರೆ ಯಾವುದನ್ನು ಅಳೆಯಲಾಗುತ್ತದೋ ಅದನ್ನಷ್ಟೇ ಕಚೇರಿಗಳು ಮಾಡುತ್ತವೆ. ಗಡುವಿನೊಳಗೆ ವಿಲೇವಾರಿ ಆಯಿತೇ ಎಂಬುದು ಸಕಾಲದ ಪ್ರಶ್ನೆ. ವಿಲೇವಾರಿ ಎಂಬ ಪದದೊಳಗೆ ಮಂಜೂರಾತಿಯೂ ಇದೆ, ತಿರಸ್ಕಾರವೂ ಇದೆ. ದಾಖಲೆ ಸ್ಪಷ್ಟವಿಲ್ಲ ಎಂದು ಒಂದು ಅರ್ಜಿಯನ್ನು ಗಡುವಿನೊಳಗೆ ತಿರಸ್ಕರಿಸಿ, ಅದೇ ವ್ಯಕ್ತಿ ಮತ್ತೆ ಸಲ್ಲಿಸಿದ ಅರ್ಜಿಯನ್ನು ಗಡುವಿನೊಳಗೆ ಮಂಜೂರು ಮಾಡಿದರೆ, ಅಂಕಿಅಂಶದಲ್ಲಿ ಅದು ಎರಡು ಸಕಾಲಿಕ ವಿಲೇವಾರಿಗಳು. ಅರ್ಜಿದಾರನ ಪಾಲಿಗೆ ಅದು ಎರಡು ದಿನದ ಕೂಲಿ, ನಾಲ್ಕು ಬಸ್ಸು, ಎರಡು ಸಲ ಸೈಬರ್ ಸೆಂಟರಿನ ಖರ್ಚು. ಬಳಕೆದಾರನ ಕಡೆಯಿಂದ ಅಳೆಯುವುದಾದರೆ ಅರ್ಜಿಗಳನ್ನು ಬಿಟ್ಟು ಮನುಷ್ಯರನ್ನು ಎಣಿಸಬೇಕು: ಈ ಕೆಲಸ ಬೇಕೆಂದು ಒಬ್ಬರು ಮನೆಯಿಂದ ಹೊರಟ ದಿನದಿಂದ ಅದು ಕೈಗೆ ಬಂದ ದಿನದವರೆಗೆ ಎಷ್ಟು ದಿನ, ಎಷ್ಟು ಸಲ, ಎಷ್ಟು ಕಡೆ ಅಲೆದರು ಎಂಬುದನ್ನು. ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆಗಳೆಲ್ಲ ಅರ್ಜಿಯಲ್ಲಿ ಇರುವಾಗ ಇದು ತಾಂತ್ರಿಕವಾಗಿ ಕಷ್ಟದ ಲೆಕ್ಕವಲ್ಲ.

ಈಗಿನ ಬಿಸಿ ವಿಷಯವಾದ ಇ-ಖಾತೆಗೆ ಬರೋಣ. 2024ರ ಅಕ್ಟೋಬರ್‌ನಿಂದ ಬಿಬಿಎಂಪಿ ವ್ಯಾಪ್ತಿಯಲ್ಲಿ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಐದು ನಗರ ಪಾಲಿಕೆಗಳು ಬಂದರೂ ಈ ವ್ಯವಸ್ಥೆ ಮುಂದುವರಿದಿದೆ. ಕೈಬರಹದ ಖಾತಾ ವಹಿಗಳನ್ನು ಗಣಕೀಕರಿಸಿ, ಲಕ್ಷಾಂತರ ಆಸ್ತಿಗಳ ಕರಡು ಖಾತೆಯನ್ನು ಜಾಲತಾಣದಲ್ಲಿ ಎಲ್ಲರೂ ನೋಡುವಂತೆ ಇಟ್ಟು, ಮಾಲೀಕರು ಆಧಾರ್, ಕ್ರಯಪತ್ರ, ತೆರಿಗೆ ವಿವರ, ಬೆಸ್ಕಾಂ ಸಂಖ್ಯೆ, ಆಸ್ತಿಯ ಫೋಟೊ ಸೇರಿಸಿ ಅಂತಿಮ ಖಾತೆ ಪಡೆಯಬಹುದೆಂಬ ಯೋಚನೆಯ ಉದ್ದೇಶವನ್ನು ಯಾರೂ ಅಲ್ಲಗಳೆಯಲಾರರು. ಒಂದೇ ನಿವೇಶನವನ್ನು ಇಬ್ಬರಿಗೆ ಮಾರುವ ವಂಚನೆಗೆ ಈ ಊರು ಕಡಿಮೆ ಬೆಲೆ ತೆತ್ತಿಲ್ಲ.

ತೊಡಕು ಹುಟ್ಟುವುದು ಹೆಸರಿನಲ್ಲಿ. ಹಳೆಯ ಕ್ರಯಪತ್ರದಲ್ಲಿ ಒಬ್ಬರ ಹೆಸರು ‘ಮುನಿವೆಂಕಟಪ್ಪ ಬಿನ್ ಲೇಟ್ ಚಿಕ್ಕಮುನಿಯಪ್ಪ’ ಎಂದಿದೆ ಎಂದಿಟ್ಟುಕೊಳ್ಳಿ. ತೆರಿಗೆ ರಸೀದಿಯಲ್ಲಿ ಅವರು ‘ಸಿ. ಮುನಿವೆಂಕಟಪ್ಪ’. ಆಧಾರ್‌ನಲ್ಲಿ ‘ಮುನಿವೆಂಕಟಪ್ಪ ಸಿ’, ಅದೂ ಇಂಗ್ಲಿಷಿನಲ್ಲಿ ಒಂದು ‘ಪಿ’ ಕಡಿಮೆ. ಬೆಸ್ಕಾಂ ಬಿಲ್ಲು ಇನ್ನೂ ಅವರ ತಂದೆಯ ಹೆಸರಿನಲ್ಲೇ ಬರುತ್ತಿದೆ. ಅವರ ಹೆಂಡತಿಯ ಪಾಲಿನ ಪತ್ರದಲ್ಲಿ ‘ಲಕ್ಷ್ಮಮ್ಮ ಕೋಂ ಮುನಿವೆಂಕಟಪ್ಪ’. ಇಂಗ್ಲಿಷಿನಲ್ಲಿ ಲಕ್ಷ್ಮಮ್ಮ ಎಂಬುದನ್ನು ಎಕ್ಸ್ ಹಾಕಿ ಬರೆಯುವವರಿದ್ದಾರೆ, ಕೆ-ಎಸ್-ಎಚ್ ಹಾಕಿ ಬರೆಯುವವರಿದ್ದಾರೆ, ಅವರಿಗೆ ಆಧಾರ್ ಮಾಡಿಸಿಕೊಟ್ಟವರು ಯಾವುದನ್ನು ಬರೆದರೋ ಅದೇ ಗಟ್ಟಿ. ಊರಿನ ಯಾವ ಮನುಷ್ಯನಿಗೂ ಇವರೆಲ್ಲ ಒಬ್ಬರೇ ಎಂಬುದರಲ್ಲಿ ಅನುಮಾನವಿಲ್ಲ. ಗಣಕಕ್ಕೆ ಮಾತ್ರ ಇವು ಬೇರೆ ಬೇರೆ ಅಕ್ಷರಮಾಲೆಗಳು, ಹೊಂದಿಕೆಯಾಗದಿದ್ದರೆ ಕಡತ ಅಧಿಕಾರಿಯ ಪರಿಶೀಲನೆಗೆ ಹೋಗುತ್ತದೆ, ಮತ್ತು ಪರಿಶೀಲನೆ ಎಂದೊಡನೆ ಮುಖಾಮುಖಿಯಿಲ್ಲದ ಸೇವೆಗೆ ಮತ್ತೆ ಮುಖ ಮೂಡುತ್ತದೆ.

ಇಲ್ಲಿ ಸೋತದ್ದು ಯಂತ್ರವೆನ್ನುವುದಕ್ಕಿಂತ, ಹೆಸರಿಗೆ ಮೊದಲ ಭಾಗ, ಕೊನೆಯ ಭಾಗ ಎಂಬ ಎರಡು ಮನೆಗಳಿರುತ್ತವೆ ಎಂಬ ಎಲ್ಲಿಂದಲೋ ಬಂದ ಕಲ್ಪನೆ. ನಮ್ಮಲ್ಲಿ ಇನಿಷಿಯಲ್ ಹಿಂದೆಯೂ ಬರುತ್ತದೆ ಮುಂದೆಯೂ ಬರುತ್ತದೆ, ಊರು ಸೇರುತ್ತದೆ ಬಿಡುತ್ತದೆ, ಮದುವೆಯಾದ ಮೇಲೆ ‘ಬಿನ್’ ಹೋಗಿ ‘ಕೋಂ’ ಆಗುತ್ತದೆ. ಬಳಕೆದಾರರ ಜೊತೆ ಬೆರೆಯುವ ಮೊದಲ ಹೆಜ್ಜೆಯನ್ನು ನಿಜವಾಗಿ ಇಟ್ಟಿದ್ದರೆ, ಐವತ್ತು ಹಳೆಯ ಕ್ರಯಪತ್ರಗಳನ್ನು ಅವುಗಳ ಮಾಲೀಕರ ಆಧಾರ್ ಕಾರ್ಡಿನ ಪಕ್ಕ ಇಟ್ಟು ನೋಡಿದ್ದರೆ, ಒಂದೇ ಮಧ್ಯಾಹ್ನದಲ್ಲಿ ಹೊಳೆಯಬಹುದಾಗಿದ್ದ ಸಂಗತಿ ಇದು. ಸ್ವಯಂಘೋಷಣಾ ಪದ್ಧತಿಗೂ ಇದಕ್ಕೂ ಇರುವ ವ್ಯತ್ಯಾಸವೂ ಇಲ್ಲೇ ಕಾಣುತ್ತದೆ. ದಾಖಲೆ ಹುಡುಕುವ, ಸ್ಕ್ಯಾನ್ ಮಾಡುವ, ಅಕ್ಷರ ಹೊಂದಿಸುವ ಕೆಲಸವೆಲ್ಲ ಮಾಲೀಕರದ್ದಾಯಿತು. ‘ಇಬ್ಬರೂ ಒಬ್ಬರೇ’ ಎಂದು ಒಪ್ಪುವ ಅಧಿಕಾರ ಕಚೇರಿಯಲ್ಲೇ ಉಳಿಯಿತು. ಇಂತಿಷ್ಟು ಬಗೆಯ ಹೆಸರಿನ ವ್ಯತ್ಯಾಸಗಳನ್ನು ಮಾಲೀಕರ ಸ್ವಯಂದೃಢೀಕರಣದ ಮೇಲೆ ಒಪ್ಪಲಾಗುವುದು, ಸುಳ್ಳು ಹೇಳಿದರೆ ಶಿಕ್ಷೆ ಇಂತಿಷ್ಟು ಎಂಬ ಬಹಿರಂಗ ಕೋಷ್ಟಕವೊಂದಿದ್ದರೆ ಹೆಗಲಿನ ಹೊರೆಗೆ ತಕ್ಕ ಹಕ್ಕೂ ಬರುತ್ತಿತ್ತು.

ಪದಗಳ ವಿಷಯವೂ ಇದಕ್ಕೆ ಹತ್ತಿರದ್ದೇ. ಆಸ್ತಿಯ ಮೇಲೆ ಸಾಲ, ವಹಿವಾಟು ಏನಿದೆಯೆಂದು ತೋರಿಸುವ ಪತ್ರವನ್ನು ಜನ ‘ಇಸಿ’ ಎನ್ನುತ್ತಾರೆ, ನಮೂನೆ ‘ಋಣಭಾರ ಪ್ರಮಾಣಪತ್ರ’ ಎನ್ನುತ್ತದೆ. ಕನ್ನಡದಲ್ಲಿ ಸೇವೆ ಕೊಡಬೇಕೆಂಬ ಹಂಬಲ ಸರಿಯಾದದ್ದೇ, ನಾನು ಅದರ ಪರ. ಆದರೆ ಅಂಗಡಿಯ ಹುಡುಗ ಕನ್ನಡದ ಪುಟವನ್ನು ಬಿಟ್ಟು ಇಂಗ್ಲಿಷಿನ ಪುಟದಲ್ಲೇ ಅರ್ಜಿ ತುಂಬುತ್ತಿದ್ದ, ಏಕೆಂದು ಕೇಳಿದರೆ “ಕನ್ನಡದ್ದು ಅರ್ಥ ಆಗಲ್ಲ ಸಾರ್” ಎಂದ. ಅವನ ಮಾತೃಭಾಷೆ ಕನ್ನಡ. ಇಷ್ಟು ಕೇಳಿದ ಮೇಲೆ ‘ಇಸಿ (ಋಣಭಾರ ಪತ್ರ)’ ಎಂದು ಎರಡನ್ನೂ ಅಚ್ಚು ಹಾಕಲು ಯಾವ ಸಮಿತಿಯೂ ಬೇಕಿಲ್ಲ.

ಇನ್ನು, ಬಳಕೆದಾರ ಎಂದರೆ ಕಿಟಕಿಯ ಈಚೆಗೆ ನಿಂತವನು ಮಾತ್ರ ಎಂಬ ತಪ್ಪು ಎಣಿಕೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆ ಪ್ರಯಾಣದ ಹಣವನ್ನು ಸರ್ಕಾರ ನಿಗಮಗಳಿಗೆ ತುಂಬಿಕೊಡಬೇಕಾದ್ದರಿಂದ, ಹತ್ತಿದ ಪ್ರತಿಯೊಬ್ಬ ಮಹಿಳೆಗೂ ಕಂಡಕ್ಟರ್ ಗುರುತಿನ ಚೀಟಿ ನೋಡಿ ಶೂನ್ಯ ಟಿಕೆಟ್ ಕೊಡಬೇಕು. ಬೆಳಗಿನ ಒಂಬತ್ತು ಗಂಟೆಗೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ಕಡೆಗೆ ಹೋಗುವ 500-ಡಿ ಬಸ್ಸಿನಲ್ಲಿ ನಿಂತು ನೋಡಿದವರಿಗೆ ಇದರ ಅರ್ಥ ತಿಳಿಯುತ್ತದೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಟಿಕೆಟ್ ಯಂತ್ರ. ಬ್ಯಾಗಿನ ತಳದಿಂದ ಆಧಾರ್ ತೆಗೆಯುತ್ತಿರುವ ಹುಡುಗಿ. ಮುಂದಿನ ನಿಲ್ದಾಣಕ್ಕೆ ಮೊದಲು ಟಿಕೆಟ್ ಮುಗಿಸಬೇಕಾದ, ಮುಗಿಸದಿದ್ದರೆ ತಪಾಸಣೆಯವರ ಕೈಗೆ ಸಿಕ್ಕಿಬೀಳುವ ಕಂಡಕ್ಟರ್. ಪ್ರಯಾಣಿಕರ ದೃಷ್ಟಿಯಿಂದ ಇದು ಈ ರಾಜ್ಯ ಇತ್ತೀಚೆಗೆ ಕಂಡ ಅತ್ಯಂತ ಸರಳ ಸೇವೆ: ಅರ್ಜಿಯಿಲ್ಲ, ಫಲಾನುಭವಿ ಪಟ್ಟಿಯಿಲ್ಲ, ಬಸ್ಸು ಹತ್ತಿದರಾಯಿತು. ಆ ಸರಳತೆಯ ಲೆಕ್ಕ ಬರೆಯುವ ಭಾರವಷ್ಟೂ ಕಂಡಕ್ಟರ್ ಮೇಲೆ ಬಿದ್ದಿದೆ, ಮತ್ತು ಕಂಡಕ್ಟರ್ ಪ್ರಯಾಣಿಕರ ಮೇಲೆ ರೇಗಿದಾಗ ಅದನ್ನು ನಾವು ನಡತೆಯ ದೋಷವೆಂದು ಓದುತ್ತೇವೆ. ಸಂಬಂಧಪಟ್ಟ ಗುಮಾಸ್ತ, ಬಿಲ್ ಕಲೆಕ್ಟರ್, ಕಂಡಕ್ಟರ್‌ಗಳನ್ನು ಬಳಕೆದಾರರ ಪಟ್ಟಿಯಿಂದ ಹೊರಗಿಟ್ಟ ಯಾವ ವಿನ್ಯಾಸವೂ ಆರು ತಿಂಗಳಿಗಿಂತ ಹೆಚ್ಚು ಬಾಳುವುದಿಲ್ಲ. ಅವರು ಅದನ್ನು ಮುರಿಯಲು ಹೊರಡಬೇಕಿಲ್ಲ, ತಮ್ಮ ಹಳೆಯ ದಾರಿಗೆ ಮರಳಿದರೆ ಸಾಕು.

ವಿನ್ಯಾಸ ಚಿಂತನೆಯ ಮೇಲಿರುವ ಗಂಭೀರ ಆಕ್ಷೇಪವನ್ನೂ ಮರೆಯುವಂತಿಲ್ಲ. ಕಷ್ಟವನ್ನು ಅರಿತವರಿಗೆ ನಿಯಮ ಬದಲಿಸುವ ಅಧಿಕಾರವಿಲ್ಲ, ನಿಯಮ ಬದಲಿಸಬಲ್ಲವರು ಕಾರ್ಯಾಗಾರಕ್ಕೆ ಬರುವುದಿಲ್ಲ. ಡೆನ್ಮಾರ್ಕ್ ಸರ್ಕಾರದೊಳಗೇ 2002ರಲ್ಲಿ ಹುಟ್ಟಿ ಜಗತ್ತಿಗೆಲ್ಲ ಮಾದರಿಯೆನಿಸಿದ್ದ ಮೈಂಡ್‌ಲ್ಯಾಬ್ ಎಂಬ ಘಟಕವನ್ನೇ 2018ರಲ್ಲಿ ಮುಚ್ಚಿಬಿಟ್ಟರು. ಬ್ರಿಟನ್ನಿನ ಸರ್ಕಾರಿ ಡಿಜಿಟಲ್ ಸೇವಾ ಘಟಕ ಸ್ವಲ್ಪ ಬೇರೆ ದಾರಿ ಹಿಡಿಯಿತು. ಸೇವೆಯೊಂದು ನಿಗದಿತ ಮಾನದಂಡವನ್ನು ಮುಟ್ಟಿದೆಯೇ ಎಂದು ಸಾರ್ವಜನಿಕ ಬಳಕೆಗೆ ಬಿಡುವ ಮೊದಲು ಪರೀಕ್ಷಿಸುವ ಪದ್ಧತಿಯನ್ನೂ, ಆನ್‌ಲೈನ್ ಬಳಸಲಾಗದವರಿಗೆ ನೆರವು ನೀಡುವ ಹೊಣೆ ಸೇವೆ ನಡೆಸುವ ಇಲಾಖೆಯದ್ದೇ ಎಂಬ ನಿಯಮವನ್ನೂ ಅದು ತಂದಿತು. ನಮ್ಮಲ್ಲಿ ಆ ಹೊಣೆಯನ್ನು ಯಾರೂ ಹೇಳದೆಯೇ ಜೆರಾಕ್ಸ್ ಅಂಗಡಿಗಳು ಹೊತ್ತಿವೆ, ನೂರೈವತ್ತು ರೂಪಾಯಿಗೆ.

ಪ್ರಯೋಗ ಮಾಡುವ ಮನಸ್ಸು ನಮ್ಮ ಆಡಳಿತಕ್ಕೆ ಇಲ್ಲವೆಂದಲ್ಲ. ಸರ್ಕಾರಿ ಸೇವೆಗಳನ್ನು ಮನೆ ಬಾಗಿಲಿಗೆ ಒಯ್ಯುವ ಜನಸೇವಕ ಯೋಜನೆಯನ್ನು 2019ರಲ್ಲಿ ಮೊದಲು ದಾಸರಹಳ್ಳಿ ಕ್ಷೇತ್ರವೊಂದರಲ್ಲೇ ಪರೀಕ್ಷಿಸಿದ್ದರು. ಒಂದು ಕಡೆ ಮಾಡಿ ನೋಡಿ, ತಪ್ಪು ತಿದ್ದಿಕೊಂಡು, ಆಮೇಲೆ ಹರಡುವ ಈ ಕ್ರಮವೇ ವಿನ್ಯಾಸ ಚಿಂತನೆಯ ನಾಲ್ಕನೆಯ ಮತ್ತು ಐದನೆಯ ಹೆಜ್ಜೆ. ಇ-ಖಾತೆಯಂಥ ಕಡ್ಡಾಯ ಸೇವೆಗೆ ಈ ಕ್ರಮ ಇನ್ನೂ ಹೆಚ್ಚು ಅಗತ್ಯ, ಏಕೆಂದರೆ ಅಲ್ಲಿ ಬೇಡವೆಂದು ಹಿಂದೆ ಸರಿಯುವ ಆಯ್ಕೆ ಜನರಿಗಿಲ್ಲ. ಮಗಳ ಮದುವೆಗೆಂದು ನಿವೇಶನ ಮಾರಬೇಕಾದವರು ದಾಖಲೆ ಹೊಂದುವವರೆಗೆ ಕಾಯಲೇಬೇಕು. ಹೀಗೆ ಮಾಡಲು ದುಬಾರಿ ಸಲಹೆಗಾರರು ಬೇಕೆಂದೂ ಇಲ್ಲ. ಅಧಿಕಾರಿಯೊಬ್ಬರು ಗುರುತು ಹೇಳಿಕೊಳ್ಳದೆ ತಮ್ಮದೇ ಕಚೇರಿಯ ಎದುರಿನ ಅಂಗಡಿಯಲ್ಲಿ ಮೂರು ದಿನ ಕುಳಿತರೆ, ಯಾವ ಪುಟದಲ್ಲಿ ಜನ ನಿಲ್ಲುತ್ತಾರೆ, ಯಾವ ಕಾಗದಕ್ಕಾಗಿ ವಾಪಸ್ ಹೋಗುತ್ತಾರೆ ಎಂಬುದು ತಿಳಿಯುತ್ತದೆ.

ಅಷ್ಟೂ ಬೇಡ. ಅಂದು ನನ್ನ ಸರದಿ ಬಂದಾಗ ಅಂಗಡಿಯ ಹುಡುಗ ಒಂದು ಉದ್ದನೆಯ ನೋಟ್‌ಬುಕ್ ತೆರೆದ. ತಾನು ಹಾಕಿದ ಪ್ರತಿಯೊಂದು ಅರ್ಜಿಯ ಸಂಖ್ಯೆ, ಹೆಸರು, ತಾರೀಖು, ಅದರ ಮುಂದೆ ವಾಪಸ್ ಬಂದಿದ್ದರೆ ಏಕೆ ಬಂತೆಂಬ ಕಾರಣವನ್ನು ಅವನು ಅದರಲ್ಲಿ ಬರೆದಿಟ್ಟಿದ್ದಾನೆ: ‘ಫೋಟೊ ಮಸುಕು’, ‘ಹೆಸರು ತಪ್ಪು’, ‘ಪೇಜ್ ಬಿಟ್ಟಿದೆ’, ಮತ್ತೆ ‘ಹೆಸರು ತಪ್ಪು’. ಅದೇ ಗಿರಾಕಿ ಎರಡನೇ ಸಲ ಬಂದಾಗ ತನಗೆ ನೆನಪಿರಬೇಕಲ್ಲ ಎಂದು ಬರೆಯುತ್ತಾನಂತೆ. ಎದುರಿನ ಕಚೇರಿಯವರು ಯಾರಾದರೂ ಈ ನೋಟ್‌ಬುಕ್ ನೋಡಿದ್ದಾರೆಯೇ ಎಂದು ಕೇಳಿದೆ.

“ಅವ್ರೂ ದಿನಾ ಇಲ್ಲಿಗೇ ಬರ್ತಾರೆ ಸಾರ್, ಜೆರಾಕ್ಸ್ ಮಾಡ್ಸಕ್ಕೆ. ಇದನ್ನ ಯಾರೂ ಕೇಳಿಲ್ಲ.”